ಬಾಂದು ಕೀಳುವಾಗ

ರೋಟಾ ದ್ವೀಪದಲ್ಲಿ ಸರ್ವೆಯವನು ನಾನೊಬ್ಬನೇ.
ಎಸ್ಕೊಲಾಸ್ತಿಕಾ ತೈಮಾನಾವ್‌ಳ ಹೊಲದ ನಾಲ್ಕು ಮೂಲೆ
ಕಣ್ಣು ಕಟ್ಟಿ ಬಿಟ್ಟರೂ ಹೇಳಿಯೇನು:
ಎರಡು ಸುಣ್ಣಗಲ್ಲು,
ಜಪಾನಿನವರು ಬಿಟ್ಟುಹೋದ ಕಬ್ಬಿನ ರೈಲಿನ ತುಕ್ಕು ಕಂಬಿ,
ಒಂದು ದೀವಿಹಲಸು.

ಆ ಮರದಲ್ಲೇ ಕಾಗೆ ಗೂಡು ಕಟ್ಟಬೇಕೆ!
ಲೋಕದಲ್ಲಿ ಬೆರಳೆಣಿಕೆಗೆ ಉಳಿದ ಜಾತಿಯಂತೆ.
ವಾಷಿಂಗ್ಟನ್ನಿನಿಂದ ಬೇಲಿ ಬಂತು,
ಬೇಲಿಯ ಬೆನ್ನಿಗೇ ವಕೀಲರು.
ಸೈಪಾನಿನಲ್ಲಿ ಸೋತಳು.
ಮೇಲಿನ ಕೋರ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ;
ನಮ್ಮ ಬುಧವಾರ ಅಲ್ಲಿನ್ನೂ ಮಂಗಳವಾರ.
"ಇವತ್ತು ಕೊಟ್ಟ ಅರ್ಜಿ ನಿನ್ನೆಗೇ ಮುಟ್ಟುತ್ತೆ,
ಆದರೂ ಆರು ವರ್ಷ ವಾಯಿದೆ" ಎಂದು
ಅಡಿಕೆ ಉಗಿದು ನಗುತ್ತಾಳೆ.

ಈಗ ಆ ಕೋರ್ಟನ್ನೇ ಹಿಸ್ಸೆ ಮಾಡುತ್ತಾರಂತೆ.
ಬಲು ದೊಡ್ಡದಾಯಿತಂತೆ,
ನ್ಯಾಯಾಧೀಶರಿಗೆ ಒಬ್ಬರ ಮೋರೆ ಒಬ್ಬರಿಗೆ ತಿಳಿಯದಂತೆ.
ಮೂರು ನಕ್ಷೆ ಬಂದಿವೆ. ಮಸೂರ ಹಿಡಿದು ನೋಡಿದೆ.
ಒಂದರಲ್ಲಿ ಅರಿಜೋನಾದ ಮರಳಿನ ಜತೆ ನಾವು.
ಇನ್ನೊಂದರಲ್ಲಿ ಅಲಾಸ್ಕಾದ ಹಿಮದ ಪಕ್ಕ.
ಮೂರನೆಯದರಲ್ಲಿ ನಾವಿರಬೇಕಾದ ಕಡೆ
ಯಾವ ಬಣ್ಣ ಯಾವ ಕೋರ್ಟು ಎಂದು ಹೇಳುವ ಚೌಕ.
ಅವರನ್ನು ಬಯ್ಯಲಾರೆ.
ಖಾಲಿ ನೀರು ಕಂಡಲ್ಲಿ
ನಾನೂ ಅಳತೆಪಟ್ಟಿ ಬರೆದವನೇ.

"ಗೆರೆ ಸರಿದರೆ ನನ್ನ ಕೇಸು ಮತ್ತೆ ಮೊದಲಿಂದಲೋ?"
ಗೊತ್ತಿಲ್ಲ ಎಂದೆ.
"ಹಳೇ ತೀರ್ಪುಗಳು ಯಾರ ಪಾಲಿಗೆ?
ಅಮ್ಮ ಸತ್ತಾಗ ಅಕ್ಕಂದಿರು ಪಾತ್ರೆ ಹಂಚಿಕೊಂಡರು,
ನನಗೆ ಮುಚ್ಚಳ ಸಿಕ್ಕಿತು."
ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಮೂವತ್ತು ದಿನದೊಳಗೆ ಯಾರು ಬೇಕಾದರೂ
ಅಭಿಪ್ರಾಯ ಬರೆಯಬಹುದಂತೆ.
ಕಾನೂನು ನಾನರಿಯೆ.
ಸರಪಳಿ ಹಿಡಿದ ಮೊದಲ ದಿನ ಕಲಿತದ್ದಿಷ್ಟು ಬರೆದೆ:
ಬಾಂದು ಕೀಳುವಾಗ
ಎರಡೂ ಕಡೆಯವರು ಬಂದು ನಿಂತಿರಬೇಕು.
ಯಾರೂ ಬರದಿದ್ದರೆ ಆ ದಿನ ಕೆಲಸವಿಲ್ಲ,
ಗುದ್ದಲಿ ಮನೆಗೆ.

ಅವಳೂ ಸಹಿ ಹಾಕಿದಳು.
ವಿಳಾಸದ ಖಾನೆಯಲ್ಲಿ ಬೀದಿಯ ಹೆಸರು ಕೇಳಿತ್ತು;
ನಮ್ಮಲ್ಲಿ ಬೀದಿಗೆ ಹೆಸರಿಲ್ಲ,
"ಹಲಸಿನ ಮರ" ಎಂದು ಬರೆದಳು.

ಅಂಚೆಯ ವಿಮಾನ ನಾಳೆ.
ಒಂದು ಮಾತು ಮಾತ್ರ ನಾವಿಬ್ಬರೂ ಬರೆಯಲಿಲ್ಲ:
ಕಾಗೆ ಹೋದ ತಿಂಗಳೇ
ಗೂಡು ಬಿಚ್ಚಿಕೊಂಡು
ಕಡ್ಡಿ ಕಡ್ಡಿಯಾಗಿ
ಬೇಲಿಯಾಚೆಯ ಮರಕ್ಕೆ ಹೋಯಿತು.
ಬೇಲಿ ಇಲ್ಲೇ ಇದೆ.