ಕಡತಾ

ಉಮದಿ ಬಯಲಿಗೆ ಅಂಟುಪುರಲಿ ಯಾವಾಗ ಬಂತೋ
ಸಾಬವ್ವತ್ತಿಗೂ ನೆನಪಿಲ್ಲ.
ಮಳಿ ಬರಲಿ ಬಿಡಲಿ, ಬದುವಿನ ಮ್ಯಾಲೆ
ತೆನಿ ಎತ್ತಿ ನಿಂತಿರತೈತಿ,
ಯಾರ ಹೊಟ್ಟಿಗೂ ಆಗದ ತೆನಿ.

ಕುರಿ ಹಾದರ ಸಾಕು.
ಉಣ್ಣಿಯೊಳಗ ಹೊಕ್ಕ ಮುಳ್ಳು
ಬಾ ಅಂದರ ಬರೂದಿಲ್ಲ,
ಹಿಂದಕ್ಕ ಜಗ್ಗಿದರ ಬೆರಳು ಕಚ್ಚತೈತಿ.
ಹೊಂಟ ದಿಕ್ಕಿಗೇ ಇನ್ನಷ್ಟು ನೂಕಿ
ಆ ಕಡೆಯಿಂದ ತಗೀಬೇಕು.
ಮದುವಿಯಾದ ಮೂರನೇ ದಿನ ಅತ್ತಿ ಕಲಿಸಿದ್ದು,
ಬ್ಯಾರೆ ಏನೂ ಮಾತಾಡದ.

ಮಲ್ಹಾರಿ ಶೇಟ ತಕ್ಕಡಿ ತೂಗುಹಾಕಿದ.
ಒಂದು ಹಿಡಿ ಉಣ್ಣಿ ಹಿಚುಕಿ, ಕೈ ಝಾಡಿಸಿ,
"ಮುಳ್ಳು ಭಾಳ. ಕಿಲೋಕ್ಕ ನೂರು ಗ್ರಾಂ ಕಡತಾ."

ಅತ್ತಿ ಅವನ ಧೋತರದ ಅಂಚು ಹಿಡದಳು.
"ಕುಂದರು."
ಮೊಣಕಾಲ ತನಕ ಹತ್ತಿದ್ದನ್ನ
ಒಂದೊಂದೇ ಬಿಡಿಸಿ ಪರಡಿಗೆ ಸುರುವಿ,
"ಇಡು ಆ ಕಡೆ, ನಿನ್ನ ನೂರರ ಕಲ್ಲು."

ಕಲ್ಲು ನೆಲ ಬಿಟ್ಟು ಏಳಲಿಲ್ಲ.
ನಾನು ಸೆರಗು ಕಚ್ಚಿಕೊಂಡೆ.

ಆದರೂ ಐವತ್ತು ಮುರಕೊಂಡೇ ಹೋದ.
ಹೋಗುವಾಗ ನೋಡಿದೆ:
ಚಪ್ಪಲಿ ಪಟ್ಟಿಗೆ ಎರಡು,
ಬೆನ್ನಿಗೊಂದು,
ಸೊಲ್ಲಾಪುರದ ಮೋಟಾರು ಏರಿದವು,
ತಿಕೀಟಿಲ್ಲದ.