ಎಂಟು ಕಿಲೋ ಗುಂಗು

ನಮ್ಮೂರಿಗೆ ಹೊಳೆಯಿಲ್ಲ, ಹೆಸರಿಗೆ ಮಾತ್ರ ದೋಣಿ ಎಂದು ಅರ್ಥ.
ವೂಚ್ ಅಂತ ಕೂಗುತ್ತೇವೆ. ಪೋಲೆಂಡಿನ ನಟ್ಟನಡುವೆ
ಮಗ್ಗ ನಿಂತುಹೋದ ಗಿರಣಿಗಳ ಊರು.
ಅಂಥದೊಂದು ಗಿರಣಿಯ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ನಾನು
ಬೇರೆಯವರ ದನಿಗೆ ಬಾಲ ಹೊಲಿದೆ.

ಬಾಲ ಬರುತ್ತಿದ್ದದ್ದು ಪಕ್ಕದ ಕೋಣೆಯಿಂದ:
ಆಳುದ್ದ ಮೀರಿದ ಮರದ ಪೆಟ್ಟಿಗೆ,
ಒಳಗೆ ಸ್ಪ್ರಿಂಗುಗಳಿಗೆ ತೂಗುಹಾಕಿದ ಉಕ್ಕಿನ ತಗಡು.
ಈ ಕಡೆಯಿಂದ ಹಾಡು ಕೊಟ್ಟರೆ
ಆ ಕಡೆ ಇಗರ್ಜಿಯಷ್ಟು ಗುಂಗು.
ಚಳಿಗಾಲದಲ್ಲಿ ಸ್ವಲ್ಪ ಕಡಿಮೆ, ಏಕೆಂದು ಕೇಳಬೇಡಿ,
ಪಾನ್ ಸೆವೆರಿನ್ ಬಂದು ಏನೋ ತಿರುವಿ ಹೋಗುತ್ತಿದ್ದರು.

ಆಮೇಲೆ ಟ್ರಾಮು.
ಗಾಯಕಿ ಕಣ್ಣು ಮುಚ್ಚಿ ಕೊನೆಯ ಸಾಲಿಗೆ ಬಂದಿರುತ್ತಾಳೆ,
ಹೊರಗೆ ಹಳಿ ನಡುಗುತ್ತದೆ, ಒಳಗೆ ತಗಡೂ,
ನಾನು ಕೈಯೆತ್ತುತ್ತೇನೆ: ನಿಲ್ಲಿ.
ಎಷ್ಟು ಕಣ್ಣೀರು ಹೀಗೆ ಅರ್ಧಕ್ಕೇ ಒಣಗಿತೋ!

ಈಗ ಗಿರಣಿ ಹೋಟೆಲಾಗುತ್ತದೆ.
ತಿಮೊನ್‌ಗೆ ಇಪ್ಪತ್ನಾಲ್ಕು. ಅವನ ಚೀಲದಲ್ಲಿ ಲ್ಯಾಪ್‌ಟಾಪು,
ಲ್ಯಾಪ್‌ಟಾಪಿನಲ್ಲಿ ನನ್ನ ಇಡೀ ಕೋಣೆ.
ಪರದೆಯ ಮೇಲೆ ಅದೇ ಬೂದುಮೋರೆಯ ಯಂತ್ರ,
ಅದೇ ಮುಳ್ಳು, ಚಿತ್ರದ ಸ್ಕ್ರೂ, ಬಣ್ಣದಲ್ಲಿ ಬರೆದ ತುಕ್ಕು.
ಕರೆಂಟಿನ ಗೊಂಯ್‌ಗುಡುವಿಕೆಗೂ ಒಂದು ಗುಂಡಿ!
ಅದನ್ನು ತೊಲಗಿಸಲೆಂದೇ ಎಷ್ಟು ವೈರು ಬಿಚ್ಚಿ ಕಟ್ಟಿದ್ದೆ,
ಈಗ ಬೇಕಾದಷ್ಟು ಬಡಿಸಿಕೊಳ್ಳಬಹುದಂತೆ,
ಉಪ್ಪಿನಕಾಯಿಯ ಹಾಗೆ.

ಮೌಸು ಹಿಡಿದು ತಿರುಗಿಸಹೋದೆ.
ಮಣಿಕಟ್ಟು ತಿರುಗಿತು, ಗುಂಡಿ ತಿರುಗಲಿಲ್ಲ.
"ಮೇಲಕ್ಕೆ ಎಳೀರಿ, ಬೊಗ್ನಾ," ಅಂದ, ಮೆಲ್ಲಗೆ,
ಮಕ್ಕಳಿಗೆ ಚಮಚ ಹಿಡಿಯಲು ಕಲಿಸುವಂತೆ.

ಸೆವೆರಿನ್ ತಮ್ಮ ಬಲಗಿವಿ ಮುಂದೆ ಮಾಡಿ ಕೇಳಿದರು:
"ಇದು ಕೆಟ್ಟರೆ ಯಾರನ್ನ ಕರೀತೀಯ?"
"ಕೆಡೋದಿಲ್ಲ. ಒಂದು ದಿನ ತೆರೆಯೋದಿಲ್ಲ, ಅಷ್ಟೆ."
ಮುದುಕ ಬಹಳ ಹೊತ್ತು ತಲೆಯಾಡಿಸಿದರು,
ತಮಗೂ ಅಂಥದೇ ಒಪ್ಪಂದವಾಗಿರುವಂತೆ.

ಪರೀಕ್ಷೆಯೂ ನಡೆಯಿತು. ಒಂದೇ ಹಾಡು, ಎರಡು ಸಲ.
"ಎರಡನೆಯದೇ ನಮ್ಮ ತಗಡು," ಆಣೆಯಿಟ್ಟು ಹೇಳಿದರು.
ತಿಮೊನ್ ನನ್ನ ಮುಖ ನೋಡಿದ.
ಹೌದು ಅಂದುಬಿಟ್ಟೆ.
ನನಗೂ ಹಾಗೇ ಕೇಳಿಸಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಕೊನೆಯ ರಾತ್ರಿ ತಗಡಿಗೆ ಒಂದೇ ಒಂದು "ಟಕ್" ಕೊಟ್ಟು
ನಾಲ್ಕು ಸೆಕೆಂಡು ಹಿಡಿದಿಟ್ಟರೆ ಸಾಕಂತೆ,
ಯಾವ ಹಾಡಿಗಾದರೂ ಈ ಕೋಣೆ ತೊಡಿಸಬಹುದಂತೆ.
ಹನ್ನೊಂದು ಸಲ ಟಕ್. ಹತ್ತು ಶುದ್ಧ.
ಒಂದರಲ್ಲಿ, ಮೂರನೆಯ ಸೆಕೆಂಡಿಗೆ, ಟ್ರಾಮು.
"ಅಳಿಸು," ಅಂದೆ, ಅಭ್ಯಾಸಬಲದಿಂದ ಕೈಯೆತ್ತಿ.
ಹೂಂ ಅಂದ.

ಬೆಳಿಗ್ಗೆ ಗುಜರಿಯವ ತಕ್ಕಡಿ ತಂದ.
ಪೆಟ್ಟಿಗೆ, ಚೌಕಟ್ಟು, ಬೀಗ, ಬಿಜಾಗರಿ,
ಎಲ್ಲ ಸೇರಿ ಇನ್ನೂರ ಎಪ್ಪತ್ತು ಕಿಲೋ.
ತಗಡು ಬಿಚ್ಚಿ ಬೇರೆ ತೂಗಿದ: ಎಂಟು.
ಎಂಟೇ! ಅಂಬೆಗಾಲಿನ ಕೂಸಿನಷ್ಟು.
ಹಾಡುತ್ತಿದ್ದದ್ದು ಅಷ್ಟೇ,
ಮಿಕ್ಕಿದ್ದೆಲ್ಲ ಅದು ನೆಲಕ್ಕೆ ತಾಗದಂತೆ ಹಿಡಿದಿದ್ದ ಭಾರ.
ಮೂಲೆ ಹಿಡಿದು ಎತ್ತಿದಾಗ ಒಮ್ಮೆ ಬಳುಕಿ
ಗುಂವ್ ಎಂದಿತು.
ಮೈಕುಗಳನ್ನು ಆಗಲೇ ಕಟ್ಟಿಯಾಗಿತ್ತು.

ಮಾರ್ಚಿನಲ್ಲಿ ತಿಮೊನ್ ಹಾಡೊಂದು ಕಳಿಸಿದ,
ಪೋರ್ಚುಗಲ್ಲಿನ ಯಾವುದೋ ಹುಡುಗಿಯದು,
ನಮ್ಮೂರಿನ ಹೆಸರೂ ಕೇಳಿರಲಿಕ್ಕಿಲ್ಲ ಅವಳು.
ಆಲೂಗೆಡ್ಡೆ ಹೆರೆಯುತ್ತ ಕೇಳುತ್ತಿದ್ದೆ.
ಕೊನೆಯ ಸಾಲು ಮುಗಿದು, ದನಿ ಕರಗುತ್ತ ಕರಗುತ್ತ,
ಚಾಕು ಹಿಡಿದ ಕೈ ತಾನಾಗಿ ಮೇಲೆದ್ದಿತು.
ನಿಲ್ಲಿ ಎನ್ನಲು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.