ಅಖೈರು ಶಿಲ್ಕು

ಡುಲೂತ್‌ನಲ್ಲಿ ಜೂನ್ ಮೂವತ್ತೆಂದರೂ ಕಿಟಕಿಗೆ ಮಂಜು.
ಸರೋವರ ಕಾಣದು, ಹಡಗಿನ ಕೊಂಬು ಮಾತ್ರ ಕೇಳುತ್ತದೆ.
ನನ್ನ ಮೇಜಿನ ಮೇಲೆ ಹಾಲ್ವರ್ಸನ್ ಮೇಡಂ ಅವರ
ಮಂಜುಗಡ್ಡೆ ಅನುದಾನ. ಇವತ್ತು ಮುಚ್ಚಬೇಕು.
ಅವರು ಮಾರ್ಚಿನಲ್ಲೇ ತೀರಿಕೊಂಡರು;
ಖಾತೆಗೆ ಮಾತ್ರ ಇನ್ನೂ ಜೀವ.

ಬಕೆಟ್ಟು ಎರಡು. ಅಂಗಡಿಯವ ತೆರಿಗೆ ಹಾಕಿದ್ದಾನೆ,
ಎಂಬತ್ತೇಳು ಸೆಂಟು.
ಕಾಲೇಜಿಗೆ ವಿನಾಯಿತಿ ಇದೆಯಪ್ಪಾ ಎಂದು
ಪ್ರಮಾಣಪತ್ರ ಲಗತ್ತಿಸಿ ಕಾಗದ ಬರೆದೆ.
ಅಂಚೆಚೀಟಿಗೇ ಎಪ್ಪತ್ಮೂರು.
ಪಕ್ಕದ ಮೇಜಿನ ವರ್ನಾ ನಕ್ಕಳು:
"ಹದಿನಾಲ್ಕು ಸೆಂಟು ಲಾಭ!"

ಕೊರೆಯುವ ಯಂತ್ರದ ಬಾಡಿಗೆ, ಸರಿ.
ಉಣ್ಣೆಯ ಗವಸು ನಾಲ್ಕು ಜೊತೆ,
ವಿದ್ಯಾರ್ಥಿಗಳಿಗೆ, ಸರಿ ಅಂದುಕೊಳ್ಳೋಣ.
ಆಮೇಲೆ ಇದು: ಎರಡು ಕಾಫಿ, ಆರು ಡಾಲರ್ ನಲವತ್ತು.
ನಿಯಮದಲ್ಲಿ ಕಾಫಿಗೆ ಜಾಗವಿಲ್ಲ.
ರಸೀದಿ ತಿರುವಿದರೆ ಪೆನ್ಸಿಲಿನ ಓರೆ ಅಕ್ಷರ:
"ಮೀನು ಹಿಡಿಯುವ ಮುದುಕ ಆರ್ನೆ. ಐವತ್ತು ಚಳಿಗಾಲ
ಗಡ್ಡೆ ಮೊದಲು ಎಲ್ಲೆಲ್ಲಿ ಬಿರಿಯಿತು, ಬಾಯಲ್ಲೇ ಹೇಳಿದ.
ಇದು ದತ್ತಾಂಶವಲ್ಲವೇ?"

ಇರಬಹುದು, ಮೇಡಂ.
ಕೆಂಪು ಗೆರೆ ಎಳೆದೆ. ಆರು ನಲವತ್ತನ್ನು
ವಿಭಾಗದ ತಲೆಗೆ ಕಟ್ಟಿದೆ.
ಖರ್ಚಾಗದ ನಲವತ್ತೊಂದು ಡಾಲರ್ ವಾಷಿಂಗ್ಟನ್ನಿಗೆ ವಾಪಸು.
ಅಖೈರು ಶಿಲ್ಕು: ಸೊನ್ನೆ.

ಒಂದು ತಪ್ಪು ಮಾಡಿದೆ, ತಪ್ಪೋ ಏನೋ.
ರಸೀದಿಯ ಮುಂಬದಿ ಸಾಕು ಎನ್ನುತ್ತದೆ ಕೈಪಿಡಿ.
ನಾನು ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ.
ಇನ್ನು ಮೂರು ವರ್ಷ
ಕಾನೂನಿನ ಪ್ರಕಾರ
ಯಾರೂ ಅದನ್ನು ಅಳಿಸುವಂತಿಲ್ಲ.